ಸರ್ ಬೆನೆಗಲ್ ರಾಮರಾಯರೂ ರಿಜರ್ವ್ ಬ್ಯಾಂಕಿನ ಅಧಿಕಾರದ ಎರಡು ಮೇರೆಗಳೂ

೧. ಪೀಠಿಕೆ

ಬೆನೆಗಲ್ ರಾಮರಾಯರೆಂಬ ಹೆಸರು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ೧೯೨೫ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರೂ, ಪಾಣ್ಯಂ ಸುಂದರಶಾಸ್ತ್ರಿಗಳೊಡನೆ ‘ಪುರಾಣನಾಮ ಚೂಡಾಮಣಿ’ಯನ್ನು ಸಿದ್ಧಪಡಿಸಿದವರೂ ಆ ಹೆಸರಿನವರೇ. ಆದರೆ ಇಲ್ಲಿ ವಿಚಾರಕ್ಕೆ ಬರುವವರು ಆ ಮಹನೀಯರಲ್ಲ. ಅದೇ ಹೆಸರನ್ನು ಹೊತ್ತು, ೧೯೪೯ನೆಯ ಜುಲೈ ೧ರಿಂದ ೧೯೫೭ನೆಯ ಜನವರಿ ೧೪ರ ವರೆಗೆ ರಿಜರ್ವ್ ಬ್ಯಾಂಕಿನ ಗವರ್ನರಾಗಿದ್ದ ಸರ್ ಬೆನೆಗಲ್ ರಾಮರಾಯರು ಪ್ರಕೃತ ವಿಷಯ. ಆ ಪದವಿಯಲ್ಲಿ ಅವರಷ್ಟು ದೀರ್ಘಕಾಲ ಇದ್ದವರು ಅವರ ಹಿಂದೆಯೂ ಇಲ್ಲ, ಮುಂದೆಯೂ ಆಗಲಿಲ್ಲ. ಮೊದಲನೆಯ ರಾಮರಾಯರ ಕೀರ್ತಿ ಕನ್ನಡದ ಓದುಗರಲ್ಲಿ ನೆಲೆಗೊಂಡಿದೆ. ಎರಡನೆಯವರ ಕಾರ್ಯವಾದರೋ ಇಂಗ್ಲಿಷ್ ವರದಿಗಳಲ್ಲಿಯೂ ಲೆಕ್ಕಪತ್ರಗಳಲ್ಲಿಯೂ ಅಡಗಿಹೋಗಿದೆ.

ಹಣದ ಪೇಟೆಯ ನಿಯಾಮಕನ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ. ಸೇನಾಪತಿಯ ಕೆಲಸಕ್ಕೆ ಗೆದ್ದ ಕೋಟೆ ಸಾಕ್ಷಿ. ಕವಿಯ ಕೆಲಸಕ್ಕೆ ಕಾವ್ಯವೇ ಸಾಕ್ಷಿ. ಮುಳುಗದೆ ಉಳಿದ ಬ್ಯಾಂಕು, ಏರದೆ ನಿಂತ ಬಡ್ಡಿ, ಹುಟ್ಟದೆ ಹೋದ ಗಾಬರಿ, ಇವು ನಿಯಾಮಕನ ಸಾಕ್ಷಿಗಳು. ಆಗದೆ ಹೋದುದನ್ನು ಚರಿತ್ರೆಯು ಎಣಿಸುವುದು ವಿರಳ. ಆದುದರಿಂದ ಅಂಥವನ ಅಧಿಕಾರವನ್ನು ಅಳೆಯಬೇಕಾದರೆ ಅದು ಎಲ್ಲೆಲ್ಲಿಗೆ ಮುಟ್ಟಿ ನಿಂತಿತೆಂಬುದನ್ನು, ಎಂದರೆ ಅದರ ಮೇರೆಗಳನ್ನು ನೋಡಬೇಕು. ರಾಮರಾಯರ ಅಧಿಕಾರಕ್ಕೆ ಎರಡು ಮೇರೆಗಳಿದ್ದುವು. ಕೆಳಗಿನ ಮೇರೆಯು ಹಳ್ಳಿಯ ಸಾಹುಕಾರನ ಜಗುಲಿ. ಮೇಲಿನದು ಅರ್ಥಮಂತ್ರಿಯ ಕಚೇರಿ. ಮೊದಲನೆಯದನ್ನು ಅವರು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಸರಿಸಿದರು. ಎರಡನೆಯದನ್ನು ಒಪ್ಪದೆ ಪದವಿಯನ್ನೇ ತ್ಯಜಿಸಿದರು. ಈ ಎರಡು ಸಂಗತಿಗಳ ಅರ್ಥವು ಕಲಬುರಗಿ ಸೀಮೆಯ ಭಂಕೂರದಂಥ ಊರಿನಲ್ಲಿ ನಿಂತು ನೋಡಿದಾಗ ಬೊಂಬಾಯಿಯಲ್ಲಿ ನಿಂತು ನೋಡಿದುದಕ್ಕಿಂತ ಸ್ಪಷ್ಟವಾಗಿ ತೋರುತ್ತದೆ.

೨. ಮನೆತನ ಮತ್ತು ಸೇವೆ

ರಾಮರಾಯರು ೧೮೮೯ರಲ್ಲಿ ಜನಿಸಿದರು. ಅವರದು ಮಂಗಳೂರಿನ ಕಡೆಯ ಸಾರಸ್ವತ ಮನೆತನ, ತಂದೆಯವರು ವೈದ್ಯರು. ಮೂವರು ಸಹೋದರರು ಮೂರು ಬೇರೆ ಬೇರೆ ಮಾರ್ಗಗಳಿಂದ ದೇಶದ ಕಾರ್ಯಕ್ಕೆ ಬಂದರು. ಹಿರಿಯರಾದ ಸರ್ ಬಿ. ಎನ್. ರಾಯರು ರಾಜ್ಯಾಂಗಸಭೆಯ ಸಲಹೆಗಾರರಾಗಿ ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಕಿರಿಯರಾದ ಬಿ. ಶಿವರಾಯರು ಪತ್ರಿಕೋದ್ಯಮದಲ್ಲಿ ಹೆಸರಾಗಿ, ಮುಂದೆ ಆ ಸಂವಿಧಾನ ರಚನೆಯ ಚರಿತ್ರೆಯನ್ನು ಸಂಪುಟಗಳಲ್ಲಿ ಸಂಗ್ರಹಿಸಿದರು. ನಡುವಣವರಾದ ರಾಮರಾಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿಯೂ ವ್ಯಾಸಂಗಮಾಡಿ ಇಂಡಿಯನ್ ಸಿವಿಲ್ ಸರ್ವಿಸನ್ನು ಸೇರಿದರು. ಅವರ ಪತ್ನಿ ಧನವಂತಿ ರಾಮರಾಯರು ೧೯೪೯ರಲ್ಲಿ ಭಾರತದ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದವರಲ್ಲಿ ಮುಖ್ಯರು. ಮಗಳು ಶಾಂತಾ ರಾಮರಾಯರು ಇಂಗ್ಲಿಷಿನ ಪ್ರಸಿದ್ಧ ಲೇಖಕಿ.

ಸರ್ವಿಸಿನ ಮೊದಲ ವರ್ಷಗಳು ಮದರಾಸು ಆಧಿಪತ್ಯದಲ್ಲಿ ಕಳೆದುವು. ೧೯೨೮ರ ಬಳಿಕ ಸೈಮನ್ ಕಮಿಷನ್ನಿನ ಅರ್ಥವಿಭಾಗದಲ್ಲಿ ಕೆಲಸಮಾಡುವ ಸಂದರ್ಭ ಒದಗಿತು. ೧೯೩೪ರಿಂದ ೧೯೩೮ರ ವರೆಗೆ ಲಂಡನ್ನಿನಲ್ಲಿ ಭಾರತದ ಉಪ ಹೈಕಮಿಷನರಾಗಿಯೂ, ಆಮೇಲೆ ೧೯೪೧ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿಯೂ ಇದ್ದರು. ೧೯೪೧ರಿಂದ ೧೯೪೬ರ ವರೆಗೆ ಬೊಂಬಾಯಿ ಬಂದರು ಮಂಡಲಿಯ ಅಧ್ಯಕ್ಷತೆ. ೧೯೪೪ನೆಯ ಏಪ್ರಿಲ್ ೧೪ರಂದು ಆ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಹಡಗುಕಟ್ಟೆಗಳು ಹಾಳಾದುದೂ ಈ ಕಾಲದಲ್ಲಿಯೇ. ಸ್ವಾತಂತ್ರ್ಯಾನಂತರ ಜಪಾನಿನಲ್ಲಿಯೂ ಅಮೆರಿಕೆಯಲ್ಲಿಯೂ ಭಾರತದ ರಾಯಭಾರದ ಹೊಣೆಯನ್ನು ಹೊತ್ತು, ೧೯೪೯ರಲ್ಲಿ ರಿಜರ್ವ್ ಬ್ಯಾಂಕಿಗೆ ಬಂದಾಗ ಅವರಿಗೆ ಅರುವತ್ತು ವರ್ಷ ವಯಸ್ಸು. ಬ್ಯಾಂಕಿನ ವ್ಯವಹಾರದಲ್ಲಿಯೇ ಬೆಳೆದವರಲ್ಲ. ಆದರೆ ಒಪ್ಪಂದ, ಲೆಕ್ಕ, ಶಾಸನ ಈ ಮೂರರ ಪರಿಚಯವೂ ಚೆನ್ನಾಗಿದ್ದಿತು. ಸರಕಾರದ ಪರವಾಗಿ ಮಾತನಾಡುತ್ತ ಬಂದವರು ಕೊನೆಗೆ ಸರಕಾರಕ್ಕೆ ಎದುರುಮಾತನಾಡಬೇಕಾಗಿ ಬಂದುದು ಅವರ ಜೀವನದ ವಿಶೇಷ.

೩. ಅಧಿಕಾರದ ಸ್ವರೂಪ

ಆ ಕಾಲದಲ್ಲಿ ದೇಶದ ಎಲ್ಲ ಆರ್ಥಿಕ ಪೇಟೆಗಳಿಗೂ ಒಬ್ಬನೇ ನಿಯಾಮಕನಿರಲಿಲ್ಲ. ಹೊಸ ಷೇರುಗಳನ್ನು ಹೊರಡಿಸಲು ಅನುಮತಿ ಕೊಡತಕ್ಕ ಅಧಿಕಾರ ೧೯೪೩ರ ಮೇ ತಿಂಗಳಿಂದ ಅರ್ಥಖಾತೆಯಲ್ಲಿದ್ದಿತು. ಅದು ೧೯೪೭ರ ಶಾಸನದಿಂದ ಮುಂದುವರಿದು, ೧೯೯೨ರಲ್ಲಿ ಸೆಬಿ ಎಂಬ ಮಂಡಲಿಗೆ ಶಾಸನಬಲ ದೊರೆತಾಗ ಕೊನೆಗೊಂಡಿತು. ಷೇರು ಪೇಟೆಗಳನ್ನು ಕುರಿತ ಅಖಿಲ ಭಾರತ ಶಾಸನವು ೧೯೫೬ರಲ್ಲಿ ಅಂಗೀಕೃತವಾಗಿ ೧೯೫೭ರ ಫೆಬ್ರವರಿಯಲ್ಲಿ, ಎಂದರೆ ರಾಮರಾಯರು ಪದವಿಯನ್ನು ಬಿಟ್ಟಮೇಲೆ, ಆಚರಣೆಗೆ ಬಂದಿತು. ರಿಜರ್ವ್ ಬ್ಯಾಂಕಿನ ಪಾಲಿಗೆ ಇದ್ದುದು ಹಣದ ಪೇಟೆ: ನೋಟು, ಬ್ಯಾಂಕುಗಳ ಠೇವಣಿ, ಸರಕಾರದ ಸಾಲಪತ್ರ, ವ್ಯಾಪಾರಿಗಳ ಹುಂಡಿ. ಮಿಕ್ಕ ಪೇಟೆಗಳೆಲ್ಲ ಇದರ ನೀರನ್ನೇ ಕುಡಿದು ಬದುಕತಕ್ಕವಾದುದರಿಂದ ಈ ಅಧಿಕಾರವೇ ಎಲ್ಲಕ್ಕೂ ಮೂಲವೆಂದರೆ ತಪ್ಪಾಗದು.

೧೯೩೫ನೆಯ ಏಪ್ರಿಲ್ ೧ರಂದು ಷೇರುದಾರರ ಸಂಸ್ಥೆಯಾಗಿ ಹುಟ್ಟಿದ ರಿಜರ್ವ್ ಬ್ಯಾಂಕು ೧೯೪೯ನೆಯ ಜನವರಿ ೧ರಂದು ರಾಷ್ಟ್ರದ ಸ್ವತ್ತಾಯಿತು. ಅದೇ ವರ್ಷ ಮಾರ್ಚ್ ೧೬ರಂದು ಬ್ಯಾಂಕಿಂಗ್ ಕಂಪನಿಗಳ ಶಾಸನವು ಜಾರಿಗೆ ಬಂದಿತು. ರಾಮರಾಯರ ಕೈಗೆ ಬಂದುದು ಆಗತಾನೇ ಕೋದು ಕೊಟ್ಟ ಕಡಿವಾಣ. ಬ್ಯಾಂಕು ನಡೆಸಲು ಪರವಾನಗಿ ಬೇಕು. ಠೇವಣಿ ಮೊದಲಾದ ಹೊಣೆಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ನಗದು, ಚಿನ್ನ ಅಥವಾ ಒಪ್ಪಿತವಾದ ಸಾಲಪತ್ರಗಳಲ್ಲಿ ಇಟ್ಟಿರಬೇಕು. ರಿಜರ್ವ್ ಬ್ಯಾಂಕಿನ ಅಧಿಕಾರಿಗಳು ಬಂದಾಗ ಪುಸ್ತಕಗಳನ್ನು ತೆರೆದು ತೋರಿಸಬೇಕು. ಈ ಕಟ್ಟಳೆಗಳ ಅಗತ್ಯವು ಆಗಲೇ ಕಣ್ಣಿಗೆ ಕಾಣುತ್ತಿತ್ತು. ಯುದ್ಧದ ಕಾಲದಲ್ಲಿ ಅಣಬೆಗಳಂತೆ ಎದ್ದಿದ್ದ ಬ್ಯಾಂಕುಗಳು ದೇಶವಿಭಜನೆಯಾದ ಮೇಲೆ, ಬಂಗಾಳದಲ್ಲಿ ವಿಶೇಷವಾಗಿ, ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದುವು. ೧೯೫೦ರಲ್ಲಿ ಅಲ್ಲಿಯ ನಾಲ್ಕು ಬ್ಯಾಂಕುಗಳು ಒಂದಾಗಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಹುಟ್ಟಿತು. ದೇಶದ ಬ್ಯಾಂಕುಗಳನ್ನೆಲ್ಲ ಕ್ರಮವಾಗಿ ತನಿಖೆಮಾಡುವ ಪದ್ಧತಿಯೂ ಆ ವರ್ಷಗಳಲ್ಲಿಯೇ ಮೊದಲಾಯಿತು. ೧೯೫೪ರಲ್ಲಿ ಬ್ಯಾಂಕು ನೌಕರರ ಶಿಕ್ಷಣಕ್ಕಾಗಿ ಬೊಂಬಾಯಿಯಲ್ಲಿ ಕಾಲೇಜೊಂದನ್ನು ತೆರೆದುದು ಇದೇ ವಿಚಾರದ ಇನ್ನೊಂದು ಮುಖ. ಶಾಸನವು ತಪ್ಪನ್ನು ಹಿಡಿಯಬಲ್ಲುದು, ತಿಳಿವಳಿಕೆಯು ಅದನ್ನು ಮೊದಲೇ ತಡೆಯಬಲ್ಲುದು.

೧೯೫೧ರ ನವೆಂಬರಿನಲ್ಲಿ ಅವರು ಬ್ಯಾಂಕ್ ದರವನ್ನು ನೂರಕ್ಕೆ ಮೂರರಿಂದ ಮೂರೂವರೆಗೆ ಏರಿಸಿದರು. ಬ್ಯಾಂಕ್ ದರವೆಂದರೆ ರಿಜರ್ವ್ ಬ್ಯಾಂಕು ಒಳ್ಳೆಯ ಹುಂಡಿಗಳನ್ನು ಕೊಳ್ಳಲು ಸಿದ್ಧವಾಗಿರುವ ಬಡ್ಡಿಯ ಪ್ರಮಾಣ. ಅದನ್ನು ಕಾಲಕಾಲಕ್ಕೆ ಪ್ರಕಟಿಸತಕ್ಕದ್ದೆಂದು ಶಾಸನವೇ ಆ ಬ್ಯಾಂಕಿಗೆ ವಿಧಿಸಿದೆ. ೧೯೩೫ರ ನವೆಂಬರಿನಿಂದ ಹದಿನಾರು ವರ್ಷ ಕದಲದೆ ನಿಂತಿದ್ದ ದರವು ಅಂದು ಕದಲಿತು. ಕೊರಿಯದ ಯುದ್ಧದಿಂದ ಬೆಲೆಗಳು ಏರುತ್ತಿದ್ದ ಆ ಸಮಯದಲ್ಲಿ, ಹಣಕ್ಕೂ ಒಂದು ಬೆಲೆಯುಂಟು, ಆ ಬೆಲೆಯನ್ನು ಬದಲಿಸುವವರೂ ಇದ್ದಾರೆ ಎಂಬುದನ್ನು ಪೇಟೆಯು ಮರಳಿ ಕಲಿಯಿತು.

೪. ಹಾಲಿ ಮತ್ತು ಕಲದಾರ

ಭಂಕೂರವು ಶಹಾಬಾದಿನ ನೆರೆಯ ಊರು. ಚಿತ್ತಾಪುರ, ಸೇಡಂ, ವಾಡಿ, ಚಿಂಚೋಳಿಗಳನ್ನು ಒಳಗೊಂಡ ಈ ಕಾಗಿಣಾ ತೀರದ ಸೀಮೆಯಲ್ಲಿಯೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವಿದೆ. ಗದ್ಯಾಣ ದ್ರಮ್ಮಗಳಲ್ಲಿ ದಾನವನ್ನು ಎಣಿಸಿದ ಶಾಸನಗಳು ಕನ್ನಡನಾಡಿನ ಇತರ ಭಾಗಗಳಂತೆ ಇಲ್ಲಿಯವರಿಗೂ ಅಪರಿಚಿತವಲ್ಲ. ೧೯೪೮ರ ಸೆಪ್ಟೆಂಬರಿನ ವರೆಗೆ ಈ ಪ್ರದೇಶವು ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನಕ್ಕೆ ತನ್ನದೇ ನಾಣ್ಯವಿದ್ದಿತು. ೧೯೧೮ರಿಂದ ತನ್ನದೇ ನೋಟುಗಳೂ ಇದ್ದುವು. ಜನರು ಅದನ್ನು ಹಾಲಿ ಎಂದೂ ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಕಲದಾರ ಎಂದೂ ಕರೆಯುತ್ತಿದ್ದರು.

ಎರಡು ನಾಣ್ಯಗಳ ಗಡಿಯು ಇಲ್ಲಿ ಭೂಪಟದ ಅಂಚಿನಲ್ಲಿ ಮಾತ್ರ ಇರಲಿಲ್ಲ. ಊರ ನಡುವೆಯೇ ಹಾದುಹೋಗುತ್ತಿತ್ತು. ಬೊಂಬಾಯಿಯಿಂದ ರಾಯಚೂರಿನ ಕಡೆಗೆ ಹೋಗುವ ಜಿ. ಐ. ಪಿ. ರೈಲುಮಾರ್ಗವು ೧೮೭೧ರಿಂದ ಶಹಾಬಾದು ವಾಡಿಗಳನ್ನು ಮುಟ್ಟುತ್ತಿದ್ದಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲುಮಾರ್ಗವು ಕವಲೊಡೆಯಿತು. ಶಹಾಬಾದಿನ ಹಾಸುಗಲ್ಲು ಈ ಮಾರ್ಗವಾಗಿ ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ಶಹಾಬಾದಿನ ಸಿಮೆಂಟ್ ಕಂಪನಿಯು ೧೯೩೬ರಲ್ಲಿ ಬೇರೆ ಕಂಪನಿಗಳೊಡನೆ ಕೂಡಿ ಎ. ಸಿ. ಸಿ. ಎಂಬ ದೊಡ್ಡ ಸಂಸ್ಥೆಯ ಭಾಗವಾಯಿತು. ಹೀಗೆ ಬೊಂಬಾಯಿಯ ಬಂಡವಾಳವೂ ಹೈದರಾಬಾದಿನ ನಾಣ್ಯವೂ ಒಂದೇ ಕಲ್ಲುನೆಲದ ಮೇಲೆ ಎದುರಾದುವು.

೧೯೫೦ರಲ್ಲಿ ಭಾರತದ ರೂಪಾಯಿಯು ಹೈದರಾಬಾದಿನಲ್ಲಿಯೂ ಸಲ್ಲತಕ್ಕ ನಾಣ್ಯವಾಯಿತು. ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿಗಳೆಂದು ವಿನಿಮಯವು ನಿಶ್ಚಯವಾಗಿದ್ದಿತು. ಈ ಲೆಕ್ಕದಂತೆ ನೂರು ಕಲದಾರಕ್ಕೆ ನೂರ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿಯನ್ನು ಎಣಿಸಿಕೊಡಬೇಕು. ಕೂಲಿಯವನಿಗೂ ಚಿಲ್ಲರೆ ಅಂಗಡಿಯವನಿಗೂ ಇದು ಬಾಯಿಲೆಕ್ಕಕ್ಕೆ ಸುಲಭವಾಗಿ ನಿಲುಕುವ ಪ್ರಮಾಣವಲ್ಲ. ಎಲ್ಲಿ ಲೆಕ್ಕವು ಕಠಿನವೋ ಅಲ್ಲಿ ಲೆಕ್ಕ ಬಲ್ಲವನಿಗೆ ಲಾಭವುಂಟು. ಐವತ್ತರ ದಶಕದಲ್ಲಿ ಹಾಲಿಯು ಚಲಾವಣೆಯಿಂದ ಮರೆಯಾಯಿತು. ಅದರ ಸ್ಥಾನಕ್ಕೆ ಬಂದ ರಿಜರ್ವ್ ಬ್ಯಾಂಕಿನ ನೋಟುಗಳ ಮೇಲೆ ಅಶೋಕಸ್ತಂಭದ ಸಿಂಹಗಳೂ, ಇತರ ಭಾಷೆಗಳೊಡನೆ ಕನ್ನಡದ ಅಕ್ಷರಗಳೂ, ಬಿ. ರಾಮರಾಯರ ರುಜುವೂ ಇದ್ದುವು. ಭಂಕೂರದ ರೈತನಿಗೆ ಆ ರುಜು ಯಾರದೆಂದು ತಿಳಿಯಬೇಕಾದ ಕಾರಣವಿರಲಿಲ್ಲ. ನೋಟಿನ ಮೇಲೆ ಕೊಟ್ಟ ವಾಗ್ದಾನವನ್ನು ಅವನು ನಂಬಿದನೆಂಬುದೇ ನಿಯಾಮಕನ ಕೆಲಸದ ಸಿದ್ಧಿ. ಕನ್ನಡದಲ್ಲಿ ನಂಬಿಕೆಗೆ ಯೋಗ್ಯನಾದವನನ್ನು ನಾಣ್ಯಸ್ಥನೆನ್ನುವ ರೂಢಿಯು ಈ ಸಂಬಂಧವನ್ನು ಒಂದು ಪದದಲ್ಲಿಯೇ ಹೇಳಿಬಿಡುತ್ತದೆ.

೫. ಕೆಳಗಿನ ಮೇರೆ

ನೋಟು ಹಳ್ಳಿಗೆ ಬಂದಿತು. ಆದರೆ ಬ್ಯಾಂಕ್ ದರವು ಅಲ್ಲಿಗೆ ಬಂದಿತೆ? ಈ ಪ್ರಶ್ನೆಗೆ ಉತ್ತರವನ್ನು ರಾಮರಾಯರ ಕಾಲದಲ್ಲಿಯೇ ರಿಜರ್ವ್ ಬ್ಯಾಂಕು ಹುಡುಕಿಸಿತು. ೧೯೫೧ರಲ್ಲಿ ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ ನಿಯಮಿತವಾದ ಸಮಿತಿಯ ನಿರ್ದೇಶನದಲ್ಲಿ ಗ್ರಾಮೀಣ ಸಾಲದ ಅಖಿಲ ಭಾರತ ಪರಿಶೀಲನೆಯು ನಡೆಯಿತು. ೭೫ ಜಿಲ್ಲೆಗಳ ೬೦೦ ಹಳ್ಳಿಗಳಲ್ಲಿ ೧,೨೭,೩೪೩ ಕುಟುಂಬಗಳ ವಿವರವನ್ನು ಸಂಗ್ರಹಿಸಿ, ೧೯೫೪ರಲ್ಲಿ ವರದಿಯು ಪ್ರಕಟವಾಯಿತು. ರೈತರು ತಂದ ಸಾಲದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಸಾಹುಕಾರರಿಂದ ಬಂದುದು, ಸರಕಾರದಿಂದ ೩.೩, ಸಹಕಾರ ಸಂಘಗಳಿಂದ ೩.೧, ವಾಣಿಜ್ಯ ಬ್ಯಾಂಕುಗಳಿಂದ ೦.೯ ಮಾತ್ರ.

ಈ ಅಂಕಿಗಳ ಅರ್ಥವು ಗಂಭೀರವಾದುದು. ಬೊಂಬಾಯಿಯಲ್ಲಿ ಗವರ್ನರು ಅರ್ಧ ಶೇಕಡಾ ಬಡ್ಡಿಯನ್ನು ಏರಿಸಿದರೆ ಬ್ಯಾಂಕುಗಳು ಎಚ್ಚರಗೊಳ್ಳುವುವು, ಗಿರಣಿಗಳು ದಾಸ್ತಾನನ್ನು ಇಳಿಸುವುವು, ಅಡತಿಯವನು ಖರೀದಿಯಲ್ಲಿ ಕೈಬಿಗಿಹಿಡಿಯುವನು. ಆದರೆ ಜೋಳ ತೊಗರಿಗಳ ಬಿತ್ತನೆಗೆ ಸಾಲ ತಂದ ರೈತನ ಬಡ್ಡಿಯು ಊರಿನ ಸಾಹುಕಾರನ ಮನಸ್ಸಿನಲ್ಲಿ ನಿಶ್ಚಯವಾಗತಕ್ಕದ್ದು. ಅಲ್ಲಿ ಪರವಾನಗಿಯಿಲ್ಲ, ತನಿಖೆಯಿಲ್ಲ, ಪುಸ್ತಕ ತೆರೆದು ತೋರಿಸುವ ಕಟ್ಟಳೆಯಿಲ್ಲ. ಹಣದ ಪೇಟೆಯ ನಿಯಾಮಕನ ರಾಜ್ಯವು ಪೇಟೆಯ ಬೀದಿ ಮುಗಿದಲ್ಲಿ ಮುಗಿಯುತ್ತಿತ್ತು.

ಈ ಮೇರೆಯನ್ನು ಹಿಂದಕ್ಕೆ ಸರಿಸುವ ಪ್ರಯತ್ನಗಳು ಆ ವರದಿಯಿಂದಲೇ ಹೊರಟುವು. ೧೯೫೫ನೆಯ ಜುಲೈ ೧ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಐದು ವರ್ಷಗಳಲ್ಲಿ ನಾನೂರು ಹೊಸ ಶಾಖೆಗಳನ್ನು ತೆರೆಯಬೇಕೆಂದು ಶಾಸನದಲ್ಲಿಯೇ ವಿಧಿಯಾಯಿತು. ೧೯೫೬ರಲ್ಲಿ ಸಹಕಾರ ಸಂಘಗಳ ಬಂಡವಾಳಕ್ಕೆ ನೆರವಾಗಲು ರಿಜರ್ವ್ ಬ್ಯಾಂಕು ಹತ್ತು ಕೋಟಿ ರೂಪಾಯಿಗಳಿಂದ ದೀರ್ಘಾವಧಿಯ ನಿಧಿಯೊಂದನ್ನು ಸ್ಥಾಪಿಸಿತು. ಪೇಟೆಯನ್ನು ಕಾಯಬೇಕಾದವನು ಹೊಲಕ್ಕೂ ನೀರು ಹಾಯಿಸಲು ಹೊರಟುದು ಅನ್ಯದೇಶಗಳ ಕೇಂದ್ರಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಕಾಣದ ಸಂಗತಿ.

ಕಲಬುರಗಿ ಸೀಮೆಗೆ ಇದು ಇನ್ನೊಂದು ದಾರಿಯಿಂದಲೂ ಮುಟ್ಟಿತು. ಹೈದರಾಬಾದು ಸಂಸ್ಥಾನದ ಹಣದ ವ್ಯವಹಾರಕ್ಕೆಂದು ೧೯೪೧ರ ಶಾಸನದಿಂದ ಹುಟ್ಟಿ, ೧೯೪೨ನೆಯ ಏಪ್ರಿಲ್ ೫ರಂದು ಕೆಲಸವನ್ನಾರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ೧೯೫೬ನೆಯ ಅಕ್ಟೋಬರ್ ೨೨ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೊಸ ಹೆಸರಿನಿಂದ ರಿಜರ್ವ್ ಬ್ಯಾಂಕಿನ ಅಧೀನಕ್ಕೆ ಬಂದಿತು. ಅದಾದ ಹತ್ತು ದಿನಕ್ಕೆ, ನವೆಂಬರ್ ೧ರಂದು, ಭಂಕೂರವನ್ನು ಒಳಗೊಂಡ ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಸೀಮೆಯ ಬ್ಯಾಂಕು ರಿಜರ್ವ್ ಬ್ಯಾಂಕಿಗೆ ಸೇರಿದುದೂ, ಸೀಮೆಯು ಕನ್ನಡನಾಡಿಗೆ ಸೇರಿದುದೂ ಒಂದೇ ಪಕ್ಷದಲ್ಲಿ ನಡೆದ ಘಟನೆಗಳು. ಇವುಗಳ ಬೆನ್ನಿಗೇ, ಅದೇ ನವೆಂಬರಿನ ಕೊನೆಯಲ್ಲಿ, ಗವರ್ನರಿಗೂ ಮಂತ್ರಿಗೂ ವಿರಸವು ಹುಟ್ಟಿತು.

೬. ಮುದ್ದತಿ ಹುಂಡಿಯ ವಿಚಾರ

ವಿರಸದ ಕಾರಣವು ನೋಡಲು ಅಲ್ಪ. ಅದು ಮುದ್ದತಿ ಹುಂಡಿಯ ಸ್ಟಾಂಪು ಸುಂಕ. ದರ್ಶನಿ ಹುಂಡಿಯೆಂದರೆ ತೋರಿಸಿದೊಡನೆ ಹಣ ಕೊಡತಕ್ಕದ್ದು. ಮುದ್ದತಿ ಹುಂಡಿಯೆಂದರೆ ಗೊತ್ತಾದ ಅವಧಿ ತುಂಬಿದ ಮೇಲೆ ಕೊಡತಕ್ಕದ್ದು. ನಮ್ಮ ವ್ಯಾಪಾರವು ಸುಗ್ಗಿಯನ್ನು ಅನುಸರಿಸಿದೆ. ಕಾರ್ತಿಕದಿಂದ ಚೈತ್ರದ ವರೆಗೆ ಹತ್ತಿ, ಜೋಳ, ಕಾಳುಕಡಿಗಳು ಪೇಟೆಗೆ ಬರುವಾಗ ಹಣಕ್ಕೆ ಗಿರಾಕಿ ಹೆಚ್ಚು, ಮಳೆಗಾಲದಲ್ಲಿ ಕಡಮೆ. ಸುಗ್ಗಿಯಲ್ಲಿ ಬ್ಯಾಂಕುಗಳು ತಮ್ಮ ಸಾಲಪತ್ರಗಳನ್ನು ಮಾರಿಯೋ ಅಡವಿಟ್ಟೋ ಹಣವನ್ನು ಹೊಂದಿಸಬೇಕಾಗಿತ್ತು. ಇದಕ್ಕೆ ಪರಿಹಾರವಾಗಿ ೧೯೫೨ರ ಜನವರಿಯಲ್ಲಿ ರಾಮರಾಯರು ಹುಂಡಿ ಪೇಟೆಯ ಯೋಜನೆಯನ್ನು ಪ್ರಾರಂಭಿಸಿದರು. ಬ್ಯಾಂಕು ತನ್ನ ಗಿರಾಕಿಗೆ ಕೊಟ್ಟ ಸಾಲವನ್ನು ತೊಂಬತ್ತು ದಿನಗಳ ಪತ್ರವಾಗಿ ಬರೆಯಿಸಿಕೊಂಡು, ಅದನ್ನು ಆಧಾರವಾಗಿಟ್ಟು ರಿಜರ್ವ್ ಬ್ಯಾಂಕಿನಿಂದ ಹಣ ಪಡೆಯಬಹುದು. ಹೊಸ ರೂಢಿಗೆ ಉತ್ತೇಜನವಾಗಿ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿ. ಸ್ಟಾಂಪಿನ ಖರ್ಚಿನಲ್ಲಿ ಅರ್ಧವನ್ನು ರಿಜರ್ವ್ ಬ್ಯಾಂಕೇ ವಹಿಸಿತು. ಮೊದಲು ಹತ್ತು ಕೋಟಿಗೆ ಕಡಮೆಯಿಲ್ಲದ ಠೇವಣಿಯುಳ್ಳ ಬ್ಯಾಂಕುಗಳಿಗೆ ಮಾತ್ರ ಇದ್ದ ಈ ಸೌಲಭ್ಯವು ೧೯೫೪ರ ಹೊತ್ತಿಗೆ ಪರವಾನಗಿ ಪಡೆದ ಎಲ್ಲ ಷೆಡ್ಯೂಲ್ಡ್ ಬ್ಯಾಂಕುಗಳಿಗೂ ದೊರೆಯಿತು.

೧೯೫೬ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯು ಆರಂಭವಾಗಿ ಬೆಲೆಗಳು ಏರತೊಡಗಿದುವು. ವಿದೇಶೀ ಹಣದ ಸಂಗ್ರಹವು ಕರಗುತ್ತಿದ್ದಿತು. ರಿಯಾಯಿತಿಯನ್ನು ಹಿಂತೆಗೆದುಕೊಂಡು, ಹುಂಡಿಗಳ ಮೇಲಣ ಬಡ್ಡಿಯು ನವೆಂಬರಿನ ವೇಳೆಗೆ ಬ್ಯಾಂಕ್ ದರವಾದ ಮೂರೂವರೆಗೆ ಬಂದು ನಿಂತಿತು. ನವೆಂಬರ್ ೩೦ರಂದು ಅರ್ಥಮಂತ್ರಿಗಳಾದ ಟಿ. ಟಿ. ಕೃಷ್ಣಮಾಚಾರಿಯವರು ಹೊಸ ಕರಗಳನ್ನು ಸೂಚಿಸುವಾಗ ಮುದ್ದತಿ ಹುಂಡಿಗಳ ಸ್ಟಾಂಪು ಸುಂಕವನ್ನೂ ಬಹಳವಾಗಿ ಏರಿಸಿದರು. ೧೯೫೭ರ ಫೆಬ್ರವರಿಯಿಂದ ಜಾರಿಗೆ ಬರಬೇಕಾಗಿದ್ದ ಈ ಸುಂಕವನ್ನು ಕೂಡಿಸಿದರೆ ಬ್ಯಾಂಕುಗಳಿಗೆ ತಗಲುವ ಖರ್ಚು ನೂರಕ್ಕೆ ನಾಲ್ಕಾಗುತ್ತಿತ್ತು. ಲಕ್ಷ ರೂಪಾಯಿಯ ಮೂರು ತಿಂಗಳ ಹುಂಡಿಗೆ ಮೂರೂವರೆಯ ದರದಲ್ಲಿ ೮೭೫ ರೂಪಾಯಿ. ನಾಲ್ಕರ ದರದಲ್ಲಿ ಸಾವಿರ. ವ್ಯತ್ಯಾಸವು ೧೨೫ ರೂಪಾಯಿ.

ಹಣದ ಬೆಲೆ ಏರಬೇಕೆಂಬುದರಲ್ಲಿ ಇಬ್ಬರಿಗೂ ಹೆಚ್ಚಿನ ಭೇದವಿರಲಿಲ್ಲ. ಭೇದವಿದ್ದುದು ಅದನ್ನು ಏರಿಸತಕ್ಕವರು ಯಾರೆಂಬುದರಲ್ಲಿ. ಬ್ಯಾಂಕ್ ದರವನ್ನು ಪ್ರಕಟಿಸುವ ಅಧಿಕಾರವನ್ನು ಶಾಸನವು ರಿಜರ್ವ್ ಬ್ಯಾಂಕಿಗೆ ಕೊಟ್ಟಿದೆ. ಕರ ವಿಧಿಸುವ ಅಧಿಕಾರವು ಸರಕಾರದ್ದು. ಕರದ ಹೆಸರಿನಲ್ಲಿ ದರವನ್ನೇ ಬದಲಿಸಿದರೆ ಮೊದಲನೆಯ ಅಧಿಕಾರವು ಹೆಸರಿಗೆ ಮಾತ್ರ ಉಳಿಯುವುದು. ಬಾಗಿಲ ಬೀಗದ ಕೈಯನ್ನು ಒಬ್ಬನಿಗೆ ಕೊಟ್ಟು, ಇನ್ನೊಬ್ಬನು ಗೋಡೆಯನ್ನು ಒಡೆದು ಹೊಕ್ಕಂತೆ.

೭. ಮೇಲಿನ ಮೇರೆ

೧೯೫೬ನೆಯ ಡಿಸೆಂಬರ್ ೧೨ರಂದು ರಾಮರಾಯರು ರಿಜರ್ವ್ ಬ್ಯಾಂಕಿನ ಕೇಂದ್ರ ಮಂಡಲಿಯ ಮುಂದೆ ಈ ವಿಷಯವನ್ನಿಟ್ಟರು. ಸರಕಾರವು ತಮ್ಮನ್ನು ಕೇಳದೆ ಇಂಥ ಕ್ರಮವನ್ನು ಕೈಗೊಳ್ಳಕೂಡದೆಂಬುದು ಅವರ ವಾದ. ಅರ್ಥಮಂತ್ರಿಗಳಾದರೋ ರಿಜರ್ವ್ ಬ್ಯಾಂಕನ್ನು ತಮ್ಮ ಖಾತೆಯ ಒಂದು ಅಂಗವೆಂದೇ ಭಾವಿಸಿದ್ದರು, ಆ ಭಾವನೆಯನ್ನು ಮರೆಮಾಡಲೂ ಇಲ್ಲ. ಗವರ್ನರು ಪ್ರಧಾನಮಂತ್ರಿ ನೆಹರೂ ಅವರಿಗೆ ಬರೆದರು. ಬ್ಯಾಂಕು ಸರಕಾರಕ್ಕೆ ಸಲಹೆ ಕೊಡಬಹುದು, ಆದರೆ ಸರಕಾರದ ಮುಖ್ಯ ನೀತಿಗೆ ಭಿನ್ನವಾದ ನೀತಿಯನ್ನು ಅದು ಹಿಡಿಯಲಾಗದೆಂಬುದು ನೆಹರೂ ಅವರ ಉತ್ತರದ ತಾತ್ಪರ್ಯ. ವಿಸ್ತರಿಸಿದ ಅವಧಿಯು ಮುಗಿಯಲು ಕೆಲವೇ ತಿಂಗಳುಗಳಿದ್ದರೂ ರಾಮರಾಯರು ಕಾಯಲಿಲ್ಲ. ೧೯೫೭ನೆಯ ಜನವರಿ ೧೪ರಂದು ಪದವಿಯಿಂದ ಇಳಿದರು.

ಈ ಘಟನೆಯನ್ನು ಇಬ್ಬರು ಹಟವಾದಿಗಳ ಜಗಳವೆಂದು ವರ್ಣಿಸುವುದು ಸುಲಭ. ಆದರೆ ಅದು ಸಾಲದು. ರಾಷ್ಟ್ರೀಕರಣದ ಶಾಸನದಿಂದ ರಿಜರ್ವ್ ಬ್ಯಾಂಕಿನ ಮೂಲಶಾ‌ಸನದ ಏಳನೆಯ ವಿಧಿಗೆ ಹೊಸ ರೂಪವು ಬಂದಿದ್ದಿತು. ಅದರಂತೆ ಕೇಂದ್ರ ಸರಕಾರವು ಗವರ್ನರೊಡನೆ ಸಮಾಲೋಚಿಸಿ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ತೋರಿದ ಆಜ್ಞೆಗಳನ್ನು ಬ್ಯಾಂಕಿಗೆ ಕೊಡಬಹುದು. ಕೊನೆಯ ಮಾತು ಸರಕಾರದ್ದೆಂಬುದರಲ್ಲಿ ಹೀಗೆ ಸಂಶಯವಿಲ್ಲ. ಆದರೆ ಅದೇ ವಿಧಿಯು ಸಮಾಲೋಚನೆಯನ್ನೂ ಕಡ್ಡಾಯಮಾಡಿದೆ. ಆಜ್ಞೆ ಮಾಡುವ ಸರಕಾರವು ಹೊಣೆ ಹೊತ್ತು ಮಾಡಬೇಕು. ಗವರ್ನರ ಅಭಿಪ್ರಾಯವನ್ನು ಕೇಳಿದ ಮೇಲೆ ಮಾಡಬೇಕು. ಸ್ಟಾಂಪು ಸುಂಕದ ಮಾರ್ಗದಲ್ಲಿ ಆಜ್ಞೆಯೂ ಇರಲಿಲ್ಲ, ಸಮಾಲೋಚನೆಯೂ ಇರಲಿಲ್ಲ; ಫಲ ಮಾತ್ರ ಆಜ್ಞೆಯದೇ ಆಗಿದ್ದಿತು. ರಾಮರಾಯರು ಆಕ್ಷೇಪಿಸಿದುದು ಸರಕಾರದ ಹಿರಿಮೆಯನ್ನಲ್ಲ. ಅದನ್ನು ಚಲಾಯಿಸಿದ ಗುಟ್ಟಿನ ದಾರಿಯನ್ನು.

ಏಳು ವರ್ಷ ಈ ತೊಡಕು ಏಕೆ ಏಳಲಿಲ್ಲವೆಂಬುದಕ್ಕೂ ಕಾರಣವುಂಟು. ೧೯೫೦ರಿಂದ ೧೯೫೬ರ ಜುಲೈವರೆಗೆ ಅರ್ಥಮಂತ್ರಿಗಳಾಗಿದ್ದವರು ಸಿ. ಡಿ. ದೇಶಮುಖರು, ರಾಮರಾಯರಿಗೆ ಮೊದಲು ಗವರ್ನರಾಗಿದ್ದವರೂ ಅವರೇ. ಎರಡು ಕುರ್ಚಿಗಳಲ್ಲಿಯೂ ಕುಳಿತು ಬಲ್ಲವರಾದುದರಿಂದ ಶಾಸನವು ಬರೆಯದೆ ಬಿಟ್ಟ ಮಾತುಗಳನ್ನು ಸೌಜನ್ಯದಿಂದ ತುಂಬುತ್ತಿದ್ದರು. ದೇಶಮುಖರು ಬೊಂಬಾಯಿ ನಗರದ ಪ್ರಶ್ನೆಯಲ್ಲಿ ಸರಕಾರವನ್ನು ಬಿಟ್ಟುಹೋದ ನಂತರ ಆ ತೆರವು ತೆರವಾಗಿಯೇ ಕಾಣಿಸಿತು. ವ್ಯಕ್ತಿಗಳ ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆಯು ವ್ಯಕ್ತಿಗಳು ಬದಲಾದೊಡನೆ ಅಲುಗಾಡುವುದೆಂಬುದಕ್ಕೆ ಇದೊಂದು ನಿದರ್ಶನ. ರಿಜರ್ವ್ ಬ್ಯಾಂಕಿನ ಮೊದಲನೆಯ ಗವರ್ನರಾದ ಸರ್ ಆಸ್‌ಬರ್ನ್ ಸ್ಮಿತ್ತರೂ ಸರಕಾರದೊಡನೆ ಸರಿಹೋಗದೆ ೧೯೩೭ರಲ್ಲಿ ಅವಧಿಗೆ ಮೊದಲೇ ಪದವಿಯನ್ನು ಬಿಟ್ಟಿದ್ದರು. ಅಂದು ಇದ್ದುದು ಪರರ ಸರಕಾರ. ಸರಕಾರವು ನಮ್ಮದಾದರೂ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು.

೮. ಫಲವಿಚಾರ

ರಾಮರಾಯರ ನಂತರ ಕೆ. ಜಿ. ಅಂಬೇಗಾಂವಕರರು ಒಂದೂವರೆ ತಿಂಗಳು ಗವರ್ನರಾಗಿದ್ದು, ೧೯೫೭ನೆಯ ಮಾರ್ಚ್ ೧ರಿಂದ ಎಚ್. ವಿ. ಆರ್. ಅಯ್ಯಂಗಾರ್ಯರು ಅಧಿಕಾರಕ್ಕೆ ಬಂದರು. ಆ ಮೇ ತಿಂಗಳಿನಲ್ಲಿ ಬ್ಯಾಂಕ್ ದರವು ಮೂರೂವರೆಯಿಂದ ನಾಲ್ಕಕ್ಕೆ ಏರಿತು. ಅದರೊಡನೆಯೇ ಹುಂಡಿಗಳ ಸ್ಟಾಂಪು ಸುಂಕವು ಇಳಿಯಿತು. ಪೇಟೆಗೆ ಬೀಳುವ ಭಾರವು ಅಷ್ಟೇ. ಆದರೆ ಅದನ್ನು ಹೊರಿಸಿದವರು ಶಾಸನವು ಹೇಳಿದವರೇ ಆದರು. ಯಾವ ಕ್ರಮಕ್ಕಾಗಿ ಒಬ್ಬ ಗವರ್ನರು ಪದವಿಯನ್ನು ತೊರೆಯಬೇಕಾಯಿತೋ ಆ ಕ್ರಮವೇ ನಾಲ್ಕು ತಿಂಗಳಲ್ಲಿ ಸದ್ದಿಲ್ಲದೆ ನಡೆದುಹೋಯಿತು. ರಾಜೀನಾಮೆಯಿಂದ ರಾಮರಾಯರು ಸೋತರು. ಅವರು ಹಿಡಿದ ಸೂತ್ರವು ಸೋಲಲಿಲ್ಲ.

ಅವರು ಮಾಡದೆ ಬಿಟ್ಟುದೂ ಉಂಟು. ಪರವಾನಗಿ ತನಿಖೆಗಳಿಂದ ಕೆಟ್ಟ ಬ್ಯಾಂಕನ್ನು ಗುರುತಿಸಬಹುದಾಗಿದ್ದರೂ, ಅದು ಬಿದ್ದಾಗ ಸಣ್ಣ ಠೇವಣಿದಾರನನ್ನು ಕಾಪಾಡುವ ಉಪಾಯವಿರಲಿಲ್ಲ. ೧೯೬೦ರ ಆಗಸ್ಟಿನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದಾಗ ಈ ಕೊರತೆಯು ಬೆಳಕಿಗೆ ಬಂದಿತು. ೧೯೬೨ನೆಯ ಜನವರಿ ೧ರಿಂದ ಒಬ್ಬೊಬ್ಬ ಠೇವಣಿದಾರನಿಗೆ ೧,೫೦೦ ರೂಪಾಯಿಯ ವರೆಗೆ ವಿಮೆಯ ರಕ್ಷಣೆಯು ದೊರೆಯಿತು. ಕೆಳಗಿನ ಮೇರೆಯೂ ನಿಧಾನವಾಗಿಯೇ ಸರಿಯಿತು. ೧೯೬೯ರ ರಾಷ್ಟ್ರೀಕರಣ, ಎಪ್ಪತ್ತರ ದಶಕದ ಗ್ರಾಮೀಣ ಬ್ಯಾಂಕುಗಳು ಇವೆಲ್ಲವೂ ೧೯೫೪ರ ವರದಿಯು ತೋರಿಸಿದ ದಿಕ್ಕಿನಲ್ಲಿಯೇ ನಡೆದ ಹೆಜ್ಜೆಗಳು. ರಿಜರ್ವ್ ಬ್ಯಾಂಕಿನಿಂದ ೧೯೫೯ರಲ್ಲಿ ಸ್ಟೇಟ್ ಬ್ಯಾಂಕಿನ ಅಧೀನಕ್ಕೆ ಹೋದ ಹೈದರಾಬಾದಿನ ಬ್ಯಾಂಕು ೨೦೧೭ನೆಯ ಏಪ್ರಿಲ್ ೧ರಂದು ಅದರಲ್ಲಿಯೇ ಲೀನವಾಯಿತು.

ಮೇಲಿನ ಮೇರೆಯ ವಿಚಾರದಲ್ಲಿ ಶಾಸನವು ಮಾತನಾಡಲು ಅರುವತ್ತು ವರ್ಷಗಳು ಬೇಕಾದುವು. ೨೦೧೬ರಲ್ಲಿ ಮಾಡಿದ ತಿದ್ದುಪಡಿಯಿಂದ ಬಡ್ಡಿಯ ನೀತಿದರವನ್ನು ನಿಶ್ಚಯಿಸುವ ಹೊಣೆಯು ಆರು ಮಂದಿಯ ಸಮಿತಿಯೊಂದಕ್ಕೆ ಸೇರಿತು. ಬೆಲೆಗಳ ಏರಿಕೆ ಎಷ್ಟರ ಒಳಗಿರಬೇಕೆಂಬ ಗುರಿಯನ್ನು ಸರಕಾರವು ಬ್ಯಾಂಕಿನೊಡನೆ ಸಮಾಲೋಚಿಸಿ ಗೊತ್ತುಮಾಡುವುದು. ಆ ಗುರಿಯನ್ನು ಮುಟ್ಟುವ ದರವನ್ನು ಸಮಿತಿಯು ಗೊತ್ತುಮಾಡುವುದು. ಏಳನೆಯ ವಿಧಿಯಾದರೋ ಹಾಗೆಯೇ ಇದೆ; ೨೦೧೮ರಲ್ಲಿ ಉರ್ಜಿತ್ ಪಟೇಲರು ಗವರ್ನರ ಪದವಿಯನ್ನು ಬಿಟ್ಟ ಸಂದರ್ಭದಲ್ಲಿ ಅದರ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂದಿತು.

ರಾಮರಾಯರು ೧೯೬೯ರ ಡಿಸೆಂಬರಿನಲ್ಲಿ ಕಾಲವಾದರು. ಸರಕಾರವು ಗವರ್ನರಿಗಿಂತ ಮೇಲೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಸರಕಾರವೂ ತಾನೇ ಬರೆದ ಶಾಸನಕ್ಕಿಂತ ಮೇಲಲ್ಲವೆಂದು ಹೇಳಿದರು. ನೂರ ಇಪ್ಪತ್ತೈದು ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಪದವಿಯನ್ನು ಬಿಡಬೇಕಾಗಿತ್ತೆ ಎಂದು ಕೇಳಬಹುದು. ಹಾಲಿಯನ್ನು ಬಿಟ್ಟು ಹೊಸ ನೋಟನ್ನು ಹಿಡಿದ ಭಂಕೂರದ ರೈತನಿಗೆ ಆ ಕಾಗದದ ಮೇಲಣ ನಂಬಿಕೆಯ ಹೊರತು ಬೇರೆ ಆಧಾರವಿರಲಿಲ್ಲ. ಆ ನಂಬಿಕೆಗೆ ರುಜು ಹಾಕಿದವನ ಅಧಿಕಾರವು ನಿಜವಾದುದೋ ಬರಿಯ ಹೆಸರಿನದೋ ಎಂಬುದೇ ಅಂದಿನ ಪ್ರಶ್ನೆಯಾಗಿದ್ದುದರಿಂದ, ಆ ವ್ಯತ್ಯಾಸವನ್ನು ರೂಪಾಯಿಗಳಲ್ಲಿ ಎಣಿಸುವುದು ಸರಿಯಾದ ಲೆಕ್ಕವಾಗಲಾರದು.